ಟ್ರೇಲರ್ ಹತ್ತಿದವರು ಯಾವ ಪಾಲಿಸಿಯ ಲೆಕ್ಕಕ್ಕೆ?

2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟಾ ಸಂತೆಗೆ ಕಾಯಿಪಲ್ಯೆ, ಹಣ್ಣು ತುಂಬಿಕೊಂಡು ಹೊರಟಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಹತ್ತಿರ ಕಣಿವೆಗೆ ಉರುಳಿತು. ಲಾರಿಯಲ್ಲಿ ಬರೀ ಮಾಲು ಇರಲಿಲ್ಲ. ಮಾಲಿನ ಜೊತೆಗೆ ಅದನ್ನು ಮಾರಿ ಹೊಟ್ಟೆ ಹೊರೆಯುವ ವ್ಯಾಪಾರಿಗಳೂ ಇದ್ದರು. ಹತ್ತು ಮಂದಿ ಪ್ರಾಣ ಬಿಟ್ಟರು. ಇನ್ನೂ ಹತ್ತಾರು ಮಂದಿ ಗಾಯಗೊಂಡು ಆಸ್ಪತ್ರೆ ಸೇರಿದರು.

ಅದಕ್ಕೂ ಏಳು ತಿಂಗಳು ಹಿಂದೆ, 2024ರ ಜೂನ್ 28ರಂದು, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟಿ.ಟಿ. ವಾಹನ ಗುದ್ದಿ 13 ಜನ ಸತ್ತಿದ್ದರು. ಅವರು ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆ ಹೊರಟಿದ್ದವರು.

ಎರಡೂ ಸಾವೇ. ಎರಡೂ ಕಡೆ ಮಂತ್ರಿಗಳು ಸಂತಾಪ ಹೇಳಿದರು. ಆದರೆ ಇನ್ಷೂರೆನ್ಸ್ ಕಾಯ್ದೆಯ ಕಣ್ಣಿಗೆ ಈ ಎರಡು ಬಗೆಯ ಸಾವು ಒಂದೇ ಅಲ್ಲ. ಟಿ.ಟಿ. ಅನ್ನುವುದು ಜನ ಕೂರಲೆಂದೇ ಮಾಡಿದ ಗಾಡಿ. ಅದರ ಪಾಲಿಸಿಯಲ್ಲಿ ಸೀಟಿನ ಲೆಕ್ಕ ಇರುತ್ತದೆ. ಲಾರಿ ಅನ್ನುವುದು ಮಾಲು ಹೇರಲು ಮಾಡಿದ ಗಾಡಿ. ಅದರ ಮೇಲೆ ಕೂತ ಮನುಷ್ಯ ಯಾರು, ಯಾಕೆ ಕೂತ, ಎಲ್ಲಿ ಕೂತ ಅನ್ನುವುದರ ಮೇಲೆ ಅವನ ಹೆಂಡತಿ ಮಕ್ಕಳಿಗೆ ಕಂಪನಿಯಿಂದ ದುಡ್ಡು ಬರುತ್ತದೋ ಇಲ್ಲವೋ ತೀರ್ಮಾನ ಆಗುತ್ತದೆ. ಈ ಎರಡು ಅಪಘಾತಗಳ ಪರಿಹಾರ ಏನಾಯಿತು ಅನ್ನುವುದು ಇಲ್ಲಿಯ ಮಾತಲ್ಲ. ದಿನಾ ಬೆಳಗಾದರೆ ಜಿಲ್ಲೆಯ ರಸ್ತೆಗಳಲ್ಲಿ ಗೂಡ್ಸ್ ಗಾಡಿ, ಟ್ರ್ಯಾಕ್ಟರ್ ಹತ್ತುವ ಸಾವಿರಾರು ಜನರಿಗೆ ತಮ್ಮ ತಲೆ ಯಾವ ಲೆಕ್ಕದಲ್ಲಿದೆ ಅನ್ನುವುದು ಗೊತ್ತಿಲ್ಲ ಅನ್ನುವುದೇ ಇಲ್ಲಿಯ ಮಾತು.

"ಇನ್ಷೂರೆನ್ಸ್ ಐತಿ ಬಿಡ್ರಿ"

ಹಾನಗಲ್ಲಿಗೆ ಹೋಗಲಿ, ಹಿರೇಕೆರೂರಿಗೆ ಹೋಗಲಿ, ಶಿಗ್ಗಾವಿಗೆ ಹೋಗಲಿ, ಕಾಣುವುದು ಒಂದೇ. ಕಳೆ ತೆಗೆಯುವ ಹಂಗಾಮಿನಲ್ಲಿ, ಗೋವಿನಜೋಳ ಮುರಿಯುವ ಹಂಗಾಮಿನಲ್ಲಿ, ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ಬುತ್ತಿ ಗಂಟು ಹಿಡಿದ ಹೆಣ್ಣುಮಕ್ಕಳು ಟ್ರೇಲರ್ ತುಂಬ ನಿಂತಿರುತ್ತಾರೆ. ಟಾಟಾ ಏಸ್‌ನ ಹಿಂದಿನ ಡಬ್ಬಿಯಲ್ಲಿ ಹದಿನೈದು ಇಪ್ಪತ್ತು ಜನ. ಮದುವೆ ಬಂತೆಂದರೆ ಬೀಗರೂ ಅದರಲ್ಲೇ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ, ಮೈಲಾರದ ಕಾರಣಿಕಕ್ಕೆ ಹೋಗುವಾಗ ಟ್ರ್ಯಾಕ್ಟರಿಗೆ ತಾಡಪಾಲು ಕಟ್ಟಿ, ಅಡುಗೆ ಪಾತ್ರೆ ಹಾಕಿ, ಮನೆ ಮಂದಿಯೆಲ್ಲ ಹತ್ತುವುದು ತಲೆತಲಾಂತರದಿಂದ ಬಂದ ರೂಢಿ. ಅಜ್ಜನ ಕಾಲದಲ್ಲಿ ಕೊಲ್ಲಾರಿ ಬಂಡಿ ಇತ್ತು, ಮೊಮ್ಮಗನ ಕಾಲದಲ್ಲಿ ಟ್ರ್ಯಾಕ್ಟರ್ ಬಂತು. ಬಂಡಿ ಬದಲಾಯಿತು, ರೂಢಿ ಬದಲಾಗಲಿಲ್ಲ.

ಗಾಡಿ ಮಾಲೀಕರನ್ನು ಕೇಳಿದರೆ ಸಿಗುವ ಉತ್ತರವೂ ಊರೂರಿಗೂ ಒಂದೇ: "ಫುಲ್ ಇನ್ಷೂರೆನ್ಸ್ ಐತಿ ಬಿಡ್ರಿ, ಏನ್ ಆಗ್ತೈತಿ?"

ಈ 'ಫುಲ್' ಅನ್ನುವ ಮಾತೇ ಮೋಸ. ಪಾಲಿಸಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಕಾಯ್ದೆ ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ಪಾಲಿಸಿ. ನಿಮ್ಮ ಗಾಡಿಯಿಂದ ರಸ್ತೆಯಲ್ಲಿರುವ ಹೊರಗಿನವರಿಗೆ ಆಗುವ ಹಾನಿಗೆ ಅದು. ಇನ್ನೊಂದು, ಗಾಡಿಯ ತಗಡು, ಇಂಜಿನ್, ಕಳವು, ಬೆಂಕಿ ಎಲ್ಲಾ ಸೇರಿಸಿದ ಪ್ಯಾಕೇಜ್ ಪಾಲಿಸಿ. ಇದನ್ನೇ ಜನ 'ಫುಲ್' ಅನ್ನುತ್ತಾರೆ. ಇದರಲ್ಲಿ ಫುಲ್ ಆಗಿರುವುದು ಗಾಡಿಯ ರಕ್ಷಣೆ. ಗೂಡ್ಸ್ ಗಾಡಿಯ ಡಬ್ಬಿಯಲ್ಲಿ ನಿಂತ ಮನುಷ್ಯರ ರಕ್ಷಣೆ ಅಲ್ಲ. ಬಂಪರ್ ಮುರಿದರೆ ದುಡ್ಡು ಬರುತ್ತದೆ, ಬೀಗರ ಕಾಲು ಮುರಿದರೆ ಬರುವುದಿಲ್ಲ. ಇದು ವ್ಯಂಗ್ಯ ಅಲ್ಲ, ಕಾಯ್ದೆ.

ಕಾಯ್ದೆ ತಿರುಗಿದ ದಾರಿ

ಮೋಟಾರು ವಾಹನ ಕಾಯ್ದೆ 1988ರದ್ದು. ಅದರ 147ನೇ ಕಲಮು ಪಾಲಿಸಿ ಯಾರಿಗೆಲ್ಲ ರಕ್ಷಣೆ ಕೊಡಬೇಕು ಎಂದು ಹೇಳುತ್ತದೆ. ಮೊದಲು ಅದರಲ್ಲಿ 'ಯಾವುದೇ ವ್ಯಕ್ತಿ' ಎಂದಷ್ಟೇ ಇತ್ತು. 1994ರಲ್ಲಿ ತಿದ್ದುಪಡಿ ಮಾಡಿ 'ಗಾಡಿಯಲ್ಲಿ ಸಾಗಿಸುವ ಮಾಲಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿಯೂ ಸೇರಿ' ಎಂದು ಬರೆದರು. ಆ ವರ್ಷದ ನವೆಂಬರಿನಿಂದ ಅದು ಜಾರಿಯಾಯಿತು.

ಈ ನಾಲ್ಕು ಮಾತಿನ ಸುತ್ತ ದೇಶದ ಕೋರ್ಟುಗಳು ವರ್ಷಗಟ್ಟಲೆ ತಿರುಗಿದವು. 1999ರ ಕೊನೆಗೆ ಸುಪ್ರೀಂ ಕೋರ್ಟು ಉದಾರವಾಗಿ ಅರ್ಥ ಮಾಡಿತು: 'ಯಾವುದೇ ವ್ಯಕ್ತಿ' ಎಂದ ಮೇಲೆ ಗೂಡ್ಸ್ ಗಾಡಿಯಲ್ಲಿ ಬಿಟ್ಟಿ ಕೂತವನೂ ಬಂದ, ಕಂಪನಿ ಕಟ್ಟಬೇಕು. ಮೂರು ವರ್ಷ ಆ ತೀರ್ಪು ನಡೆಯಿತು. 2002ರ ಡಿಸೆಂಬರಿನಲ್ಲಿ ಅದೇ ಸುಪ್ರೀಂ ಕೋರ್ಟಿನ ದೊಡ್ಡ ಪೀಠ ಅದನ್ನು ತಿರುಗಿಸಿತು: ಗೂಡ್ಸ್ ಗಾಡಿ ಇರುವುದೇ ಮಾಲಿಗೆ, ಅದರಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕನಿಗೆ ಕಂಪನಿ ಜವಾಬ್ದಾರ ಅಲ್ಲ. 2004ರ ಜನವರಿಯಲ್ಲಿ ಇನ್ನೂ ಸ್ಪಷ್ಟ ಮಾಡಿತು: 1994ರ ತಿದ್ದುಪಡಿಯಿಂದ ಒಳಗೆ ಬಂದವರು ಮಾಲಿನ ಮಾಲೀಕ ಮತ್ತು ಅವನ ಪ್ರತಿನಿಧಿ ಮಾತ್ರ. ಬಾಡಿಗೆ ಕೊಟ್ಟು ಹತ್ತಿರಲಿ, ಬಿಟ್ಟಿ ಹತ್ತಿರಲಿ, ಬರೀ ಪ್ರಯಾಣಿಕರಾಗಿದ್ದರೆ ಹೊರಗೆ. 2022ರ ಏಪ್ರಿಲ್ 1ರಿಂದ ಕಾಯ್ದೆಯ ಈ ಅಧ್ಯಾಯವೇ ಹೊಸದಾಗಿ ಬಂದರೂ 'ಮಾಲಿನ ಮಾಲೀಕ' ಅನ್ನುವ ಮಾತು ಹಾಗೇ ಉಳಿದಿದೆ.

ಅಂದ ಮೇಲೆ ಸಂತೆಗೆ ಮಾಲಿನ ಜೊತೆ ಹೋಗುವ ವ್ಯಾಪಾರಿ ಕ್ಷೇಮವೇ? ಅಲ್ಲೂ ಒಂದು ಕೊಕ್ಕೆ ಇದೆ. 2007ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು: ಮಾಲಿನ ಮಾಲೀಕ ಡ್ರೈವರನ ಕ್ಯಾಬಿನ್ನಿನಲ್ಲಿ ಕೂತಿರಬೇಕು, ಮಾಲಿನ ಮೇಲೆ ಅಲ್ಲ. ಕ್ಯಾಬಿನ್ನಿನಲ್ಲಿ ಎಷ್ಟು ಜನ ಹಿಡಿಸುತ್ತಾರೆ? ಇಬ್ಬರು, ಮೂವರು. ಸಂತೆ ಲಾರಿಯಲ್ಲಿ ಹೋಗುವವರು ಇಪ್ಪತ್ತು, ಮೂವತ್ತು. ಒಂದೊಂದು ಮೂಟೆಗೂ ಒಬ್ಬೊಬ್ಬ ಮಾಲೀಕ. ಎಲ್ಲರೂ ಮೂಟೆಗಳ ಮೇಲೇ ಮಲಗಿ ಹೋಗುವವರು. ಕಾಯ್ದೆ ಬರೆದವರು ಒಂದು ಲಾರಿಗೆ ಒಬ್ಬ ಸಾಹುಕಾರ ಎಂದು ಭಾವಿಸಿದ್ದರೋ ಏನೋ. ಎರಡು ಬುಟ್ಟಿ ಸೊಪ್ಪು, ಒಂದು ಚೀಲ ಮೆಣಸಿನಕಾಯಿ ಇಟ್ಟುಕೊಂಡು ಘಟ್ಟ ಇಳಿಯುವ ಹೆಂಗಸು ಅವರ ಲೆಕ್ಕಕ್ಕೆ ಬಂದಂತಿಲ್ಲ.

ಆಳು ಯಾರ ಆಳು?

ಕೂಲಿಗೆ ಹೋಗುವವರ ಗತಿ ಇನ್ನೂ ಗೋಜಲು. ಗಾಡಿ ಮಾಲೀಕನ ಸ್ವಂತ ಕೆಲಸದವರು, ಅಂದರೆ ಡ್ರೈವರ್, ಕ್ಲೀನರ್, ಮಾಲು ಏರಿಸಿ ಇಳಿಸುವ ಹಮಾಲಿ, ಗೂಡ್ಸ್ ಗಾಡಿಯಲ್ಲಿ ಹೋಗುವಾಗ ಸತ್ತರೆ ಕಾರ್ಮಿಕ ಪರಿಹಾರದ ಲೆಕ್ಕದಲ್ಲಿ ಕಂಪನಿ ಕಟ್ಟಬೇಕು. ಮೊದಲು ಇದಕ್ಕೆ 1923ರ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಅದರ ಜಾಗ ಹಿಡಿದಿದೆ.

ಆದರೆ ಹಳ್ಳಿಯಲ್ಲಿ ನಡೆಯುವುದು ಬೇರೆ. ಹೊಲ ಒಬ್ಬರದು, ಗಾಡಿ ಇನ್ನೊಬ್ಬರದು. ಹೊಲದವನು ಆಳಿಗೆ ಕೂಲಿ ಕೊಡುತ್ತಾನೆ, ಗಾಡಿಯವನಿಗೆ ಬಾಡಿಗೆ ಕೊಡುತ್ತಾನೆ. ಗಾಡಿ ಪಲ್ಟಿ ಆದರೆ ಆ ಹೆಣ್ಣುಮಗಳು ಯಾರ ಆಳು? 2012ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ಪ್ರಶ್ನೆಗೆ ಖಚಿತ ಉತ್ತರ ಕೊಟ್ಟಿದೆ. ಕಾಯ್ದೆಯಲ್ಲಿ 'ನೌಕರ' ಅಂದರೆ ಪಾಲಿಸಿ ಮಾಡಿಸಿದ ಗಾಡಿ ಮಾಲೀಕನ ನೌಕರ. ಗಾಡಿಯನ್ನು ಬಾಡಿಗೆಗೆ ಹಿಡಿದವನ ಆಳುಗಳು ಅದರಲ್ಲಿ ಬರುವುದಿಲ್ಲ. ಬೆಳಗ್ಗೆ ಅವಳನ್ನು ಕರೆಯಲು ಮನೆ ಬಾಗಿಲಿಗೆ ಗಾಡಿ ಬರುತ್ತದೆ. ಬಿದ್ದ ಮೇಲೆ ಅವಳು ಗಾಡಿಯ ಲೆಕ್ಕಕ್ಕೂ ಇಲ್ಲ, ಮಾಲಿನ ಲೆಕ್ಕಕ್ಕೂ ಇಲ್ಲ.

ಟ್ರ್ಯಾಕ್ಟರಿನದು ಇನ್ನೊಂದು ತಕರಾರು. ಕಾಯ್ದೆಯ ಪ್ರಕಾರ ಇಂಜಿನ್ ಬೇರೆ ವಾಹನ, ಟ್ರೇಲರ್ ಬೇರೆ ವಾಹನ. ಎರಡಕ್ಕೂ ನೋಂದಣಿ ಬೇಕು, ಎರಡಕ್ಕೂ ವಿಮೆ ಬೇಕು. ಇಂಜಿನ್ನಿಗೆ ಸಾಲ ಕೊಟ್ಟ ಬ್ಯಾಂಕಿನವರು ವಿಮೆ ಮಾಡಿಸಿಯೇ ಬಿಡುತ್ತಾರೆ. ಟ್ರೇಲರನ್ನು ಊರ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿ, ನಂಬರ್ ಪ್ಲೇಟೂ ಇಲ್ಲದೆ ಓಡಿಸುವವರು ಎಲ್ಲ ಊರಲ್ಲೂ ಇದ್ದಾರೆ. ಮೇಲಾಗಿ ಪಾಲಿಸಿಯ ಮೇಲೆ 'ಬೇಸಾಯದ ಉಪಯೋಗಕ್ಕೆ ಮಾತ್ರ' ಎಂದು ಬರೆದಿರುತ್ತದೆ. ಅದೇ ಟ್ರ್ಯಾಕ್ಟರ್ ಮರಳಿಗೆ, ಇಟ್ಟಿಗೆಗೆ, ಮಣ್ಣಿಗೆ, ಮದುವೆಗೆ ಓಡುತ್ತದೆ.

ಇಟ್ಟಿಗೆ ಭಟ್ಟಿಗೆ ಮಣ್ಣು ಹೊತ್ತ ಟ್ರೇಲರಿನ ಮೇಲೆ ಕೂತಿದ್ದ ಒಬ್ಬ ಕೂಲಿಯವನ ಕೇಸು 2007ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಂಜಿನ್ನಿಗೆ ವಿಮೆ ಇತ್ತು, ಟ್ರೇಲರಿಗೆ ಇರಲಿಲ್ಲ. ಕೆಲಸ ಬೇಸಾಯದ್ದೂ ಅಲ್ಲ. ಕಂಪನಿ ಜವಾಬ್ದಾರ ಅಲ್ಲ ಎಂದೇ ಕೋರ್ಟು ಹೇಳಿತು. ಆದರೆ ಬಡವ ಎಂದು ಕನಿಕರಪಟ್ಟು, ತನ್ನ ವಿಶೇಷ ಅಧಿಕಾರ ಬಳಸಿ, 'ಕಂಪನಿ ಮೊದಲು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ' ಎಂದಿತು. ಆ ಕನಿಕರ ಆ ಒಬ್ಬನಿಗೆ ಸಿಕ್ಕಿತು. ಎಲ್ಲರಿಗೂ ಸಿಗುತ್ತದೆ ಅನ್ನುವ ಹಾಗಿಲ್ಲ.

ಷರತ್ತು ಮುರಿದದ್ದು ಬೇರೆ, ಪಾಲಿಸಿಯಲ್ಲೇ ಇಲ್ಲದ್ದು ಬೇರೆ

'ಮೊದಲು ಕೊಡು, ಆಮೇಲೆ ವಸೂಲು ಮಾಡು' ಅನ್ನುವ ಮಾತು ಕೋರ್ಟಿನ ಅಂಗಳದಲ್ಲಿ ಎಲ್ಲರ ಬಾಯಲ್ಲೂ ಇದೆ. ಅದರ ಮಿತಿ ಮಾತ್ರ ಬಹಳ ಜನಕ್ಕೆ ತಿಳಿದಿಲ್ಲ.

ಡ್ರೈವರನ ಲೈಸೆನ್ಸ್ ಸರಿ ಇಲ್ಲ, ಲೈಸೆನ್ಸಿನ ಅವಧಿ ಮುಗಿದಿದೆ ಅನ್ನುವುದು ಪಾಲಿಸಿಯ ಷರತ್ತು ಮುರಿದ ಮಾತು. ಇಂಥ ಕಡೆ ರಸ್ತೆಯಲ್ಲಿ ಹೋಗುತ್ತಿದ್ದ ಹೊರಗಿನವನು ಸತ್ತಿದ್ದರೆ ಅವನ ಮನೆಯವರಿಗೆ ಕಂಪನಿ ಮೊದಲು ದುಡ್ಡು ಕಟ್ಟಿ, ಆಮೇಲೆ ಮಾಲೀಕನನ್ನು ಹಿಡಿಯಬಹುದು. 2004ರ ಸುಪ್ರೀಂ ಕೋರ್ಟಿನ ತೀರ್ಪು ಇದಕ್ಕೆ ದಾರಿ ಮಾಡಿದೆ. ಲೈಸೆನ್ಸಿನ ಬಗ್ಗೆ ಇನ್ನೂ ಒಂದು ನೆಮ್ಮದಿಯ ಸುದ್ದಿ ಇದೆ. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಲಘು ವಾಹನದ ಲೈಸೆನ್ಸ್ ಇದ್ದವನು 7,500 ಕಿಲೋಗ್ರಾಂ ಒಳಗಿನ ಗೂಡ್ಸ್ ಗಾಡಿಯನ್ನೂ ಓಡಿಸಬಹುದು, ಬೇರೆ ಅನುಮತಿ ಬೇಡ ಎಂದು ತೀರ್ಮಾನಿಸಿತು. ಟಾಟಾ ಏಸ್ ಡ್ರೈವರ್‌ಗಳ ಮೇಲೆ ಕಂಪನಿಗಳು ಎಳೆಯುತ್ತಿದ್ದ ಒಂದು ತಕರಾರು ಹೀಗೆ ಬಿದ್ದುಹೋಯಿತು.

ಆದರೆ ಗೂಡ್ಸ್ ಗಾಡಿಯ ಡಬ್ಬಿಯಲ್ಲಿ ಕೂತ ಪ್ರಯಾಣಿಕನದು ಷರತ್ತು ಮುರಿದ ಪ್ರಶ್ನೆ ಅಲ್ಲ. ಅವನಿಗೆ ಪಾಲಿಸಿಯಲ್ಲಿ ಜಾಗವೇ ಇಲ್ಲ. ಪ್ರೀಮಿಯಂ ಕಟ್ಟಿಲ್ಲದ ತಲೆಗೆ ದುಡ್ಡು ಯಾಕೆ ಕೊಡಬೇಕು ಎಂದು ಕಂಪನಿ ವಕೀಲರು ಕೇಳುತ್ತಾರೆ. ಕಾಯ್ದೆಯ ಮಟ್ಟಿಗೆ ಆ ಪ್ರಶ್ನೆ ತಪ್ಪಲ್ಲ. 2004ರ ಜನವರಿಯ ತೀರ್ಪಿನಲ್ಲೂ, ಅಲ್ಲಿಯವರೆಗೆ ಕಾನೂನು ಗೊಂದಲದಲ್ಲಿತ್ತು ಎಂಬ ಕಾರಣಕ್ಕೆ ಆ ಕೇಸಿನಲ್ಲಿ ಕಂಪನಿ ಮೊದಲು ಕಟ್ಟಲಿ ಎಂದರು. ಈಗ ಗೊಂದಲ ಇಲ್ಲ. ಆದ್ದರಿಂದ ಆ ನೆಪವೂ ಇಲ್ಲ.

ಸೀಟಿನ ಗಾಡಿಯಲ್ಲೂ ಎಲ್ಲ ಸರಿ ಎಂದಲ್ಲ. ಹದಿಮೂರು ಸೀಟಿನ ಗಾಡಿಯಲ್ಲಿ ಮೂವತ್ತು ಜನ ತುಂಬಿದರೆ ಕಂಪನಿಯ ಹೊಣೆ ಹದಿಮೂರಕ್ಕೇ ನಿಲ್ಲುತ್ತದೆ. 2007ರಲ್ಲಿ ಒಂದು ಬಸ್ಸಿನ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದ ಲೆಕ್ಕ ಹೀಗಿದೆ: ಪಾಲಿಸಿಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಜನರ ಪರಿಹಾರವನ್ನು, ಅದರಲ್ಲೂ ದೊಡ್ಡ ಮೊತ್ತದವನ್ನು ಆರಿಸಿ, ಕಂಪನಿ ಕಟ್ಟಬೇಕು. ಆ ದುಡ್ಡನ್ನು ಎಲ್ಲರಿಗೂ ಪಾಲು ಹಾಕಬೇಕು. ಉಳಿದದ್ದನ್ನು ಮಾಲೀಕನಿಂದ ಪಡೆಯಬೇಕು. ಒಂದು ರೊಟ್ಟಿಯನ್ನು ಮೂರು ಮಂದಿಗೆ ಹರಿದು ಕೊಟ್ಟ ಹಾಗೆ.

ಇಪ್ಪತ್ತನಾಲ್ಕು ಲಕ್ಷ ಯಾರು ಕಟ್ಟುತ್ತಾರೆ?

ಕಂಪನಿ ಪಾರಾದರೆ ಹೊಣೆ ಹೋಗುವುದು ಗಾಡಿ ಮಾಲೀಕನ ತಲೆಗೆ. ಅದು ಎಷ್ಟು ದೊಡ್ಡ ಹೊರೆ ಎಂದು ತಿಳಿಯಲು ಒಂದು ಲೆಕ್ಕ ಹಾಕಿ ನೋಡಬೇಕು. ಇದು ಯಾರ ಕೇಸೂ ಅಲ್ಲ, ಬರೀ ಉದಾಹರಣೆ.

35 ವರ್ಷದ ಒಬ್ಬ ಕೂಲಿಯವಳು, ಮನೆಯಲ್ಲಿ ಅವಳನ್ನು ನಂಬಿದವರು ನಾಲ್ವರು. ತಿಂಗಳ ಗಳಿಕೆ 12,000 ರೂಪಾಯಿ ಎಂದು ಟ್ರಿಬ್ಯೂನಲ್ ಒಪ್ಪಿತು ಎನ್ನಿ. ಮುಂದೆ ಗಳಿಕೆ ಏರುತ್ತಿತ್ತು ಎಂದು ಶೇಕಡಾ 40 ಸೇರಿಸುತ್ತಾರೆ: 16,800 ಆಯಿತು. ಅವಳ ಸ್ವಂತ ಖರ್ಚು ಎಂದು ಕಾಲು ಭಾಗ ಕಳೆಯುತ್ತಾರೆ: 12,600 ಉಳಿಯಿತು. ವರ್ಷಕ್ಕೆ 1,51,200. ಆ ವಯಸ್ಸಿಗೆ ಸುಪ್ರೀಂ ಕೋರ್ಟು 2009ರಲ್ಲಿ ಗೊತ್ತು ಮಾಡಿದ ಗುಣಕ 16. ಒಟ್ಟು 24,19,200 ರೂಪಾಯಿ. ಮಣ್ಣಿನ ಖರ್ಚು, ಗಂಡ ಮಕ್ಕಳ ಅಗಲಿಕೆಯ ಬಾಬ್ತು, ಬಡ್ಡಿ ಇವೆಲ್ಲ ಇದರ ಮೇಲೆ.

ಒಂದು ಟ್ರೇಲರಿನಲ್ಲಿ ಸತ್ತವರು ಐದು ಮಂದಿ ಆದರೆ? ಒಂದು ಕೋಟಿ ಇಪ್ಪತ್ತು ಲಕ್ಷ ದಾಟುತ್ತದೆ. ನಾಲ್ಕು ಎಕರೆ ಹೊಲ, ಬ್ಯಾಂಕಿನ ಕಂತು ಮುಗಿಯದ ಟ್ರ್ಯಾಕ್ಟರ್ ಇರುವವನು ಇದನ್ನು ಎಲ್ಲಿಂದ ತರಬೇಕು? ಕಾಯ್ದೆಯ 174ನೇ ಕಲಮಿನ ಪ್ರಕಾರ ಟ್ರಿಬ್ಯೂನಲ್ ಜಿಲ್ಲಾಧಿಕಾರಿಗೆ ಸರ್ಟಿಫಿಕೇಟ್ ಕಳಿಸಿದರೆ ಈ ಹಣವನ್ನು ಕಂದಾಯ ಬಾಕಿಯ ಹಾಗೆ ವಸೂಲು ಮಾಡಬಹುದು. ಅಂದರೆ ಹೊಲ ಹರಾಜಿಗೆ ಬರಬಹುದು. ಕೋರ್ಟಿನ ಆದೇಶ ಕೈಯಲ್ಲಿದ್ದರೂ ಸತ್ತವರ ಮನೆಗೆ ದುಡ್ಡು ಮುಟ್ಟುವುದಿಲ್ಲ, ಅತ್ತ ಗಾಡಿಯವನ ಮನೆಯೂ ಮುಳುಗುತ್ತದೆ. ಎರಡೂ ಮನೆ ಒಂದೇ ಓಣಿಯಲ್ಲಿ ಇರುತ್ತವೆ. ಒಂದೇ ಜಾತ್ರೆಗೆ ಕೂಡಿ ಹೋದವರು ಆಮೇಲೆ ಕೋರ್ಟಿನ ಎರಡು ಬೆಂಚಿನಲ್ಲಿ ಕೂರಬೇಕು.

ಅದಕ್ಕೇ ಅಪಘಾತ ಆದ ರಾತ್ರಿಯೇ ಊರ ಹಿರಿಯರ ಪಂಚಾಯಿತಿ ಶುರುವಾಗುತ್ತದೆ. ಯಾರನ್ನು 'ಮಾಲಿನ ಮಾಲೀಕ' ಎಂದು ಬರೆಸೋಣ, ಯಾರನ್ನು 'ಹಮಾಲಿ' ಎಂದು ಬರೆಸೋಣ? ಈ ಉಪಾಯ ಎರಡು ಕಡೆ ಚುಚ್ಚುವ ಸೂಜಿ. ಆಸ್ಪತ್ರೆಯಲ್ಲಿ ಗಾಯಾಳು ಮೊದಲು ಹೇಳಿದ ಮಾತು, ಪೋಲೀಸರ ಎಫ್.ಐ.ಆರ್.ನಲ್ಲಿ ಬರೆದ ಮೊದಲ ಸಾಲು ಕಂಪನಿಯ ವಕೀಲರ ಕೈಯಲ್ಲಿ ಇರುತ್ತದೆ. 'ಮದುವೆಗೆ ಹೊರಟಿದ್ದೆವು' ಎಂದು ಒಮ್ಮೆ ಬರೆದ ಮೇಲೆ ವರ್ಷ ಬಿಟ್ಟು 'ಕಾಯಿಪಲ್ಯೆ ಒಯ್ಯುತ್ತಿದ್ದೆ' ಅಂದರೆ ನಂಬುವವರು ಯಾರು? ನಿಜವಾಗಿ ಮಾಲು ಇದ್ದವರ ಮಾತೂ ಆಗ ಸುಳ್ಳಿನ ಜೊತೆ ಕೊಚ್ಚಿಹೋಗುತ್ತದೆ. ಸಂತೆ ವ್ಯಾಪಾರಿಗಳು ಎ.ಪಿ.ಎಂ.ಸಿ. ಚೀಟಿ, ಬಾಡಿಗೆ ರಸೀದಿ, ದಲಾಲರ ಪಟ್ಟಿ ಏನಿದ್ದರೂ ಇಟ್ಟುಕೊಳ್ಳಬೇಕು ಅನ್ನುವುದು ಇದಕ್ಕೇ.

ಬೈಕಿನ ಹಿಂದೆ ಕೂತವರೂ ಕೇಳಿ

ಟ್ರ್ಯಾಕ್ಟರ್ ಹತ್ತದ ಪೇಟೆಯ ಮಂದಿ ಇದು ತಮಗಲ್ಲ ಎಂದುಕೊಳ್ಳುವ ಹಾಗಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟು ಸ್ಕೂಟರಿನ ಹಿಂದೆ ಕೂತವನ ಕೇಸಿನಲ್ಲೂ ಇದೇ ಮಾತು ಹೇಳಿದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಹಿಂದಿನ ಸವಾರನಿಗೆ ಆ ಗಾಡಿಯ ಕಂಪನಿ ಜವಾಬ್ದಾರ ಅಲ್ಲ. ಪ್ಯಾಕೇಜ್ ಪಾಲಿಸಿ ಇದ್ದರೆ ಹಿಂದೆ ಕೂತವನೂ, ಕಾರಿನಲ್ಲಿ ಕೂತವರೂ ಒಳಗೆ ಬರುತ್ತಾರೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಕಂಪನಿಗಳಿಗೆ ಸ್ಪಷ್ಟ ಮಾಡಿದೆ. ನಾಲ್ಕು ಕಾಸು ಉಳಿಸಲು ಹಳೆ ಬೈಕಿಗೆ ಥರ್ಡ್ ಪಾರ್ಟಿ ಮಾತ್ರ ಕಟ್ಟಿ, ಹಿಂದೆ ಹೆಂಡತಿಯನ್ನೋ ತಾಯಿಯನ್ನೋ ಕೂರಿಸಿಕೊಂಡು ಹೋಗುವವರು ಇದನ್ನು ಒಮ್ಮೆ ಯೋಚಿಸಬೇಕು.

ತಪ್ಪು ಯಾರದು?

ಗಾಡಿ ಮಾಲೀಕ ಕಳ್ಳ ಅಲ್ಲ, ಕೂಲಿಯವಳು ದಡ್ಡಿ ಅಲ್ಲ. ಬೆಳಗಿನ ಏಳಕ್ಕೆ ಆರು ಕಿಲೋಮೀಟರ್ ಆಚೆಯ ಹೊಲದಲ್ಲಿ ಇರಬೇಕು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಒಳ್ಳೆಯದೇ. ಆದರೆ ಹೊಲದ ಬದುವಿಗೆ ಯಾವ ವಾಯವ್ಯ ಸಾರಿಗೆ ಬಸ್ಸೂ ಹೋಗುವುದಿಲ್ಲ. ಟಿಕೆಟ್ ಫ್ರೀ ಇದ್ದರೂ ಬಸ್ಸು ಇಲ್ಲದ ಕಡೆ ಅವಳು ಟ್ರೇಲರನ್ನೇ ಹತ್ತಬೇಕು. ಸಂತೆ ವ್ಯಾಪಾರಿಗಳದೂ ಅದೇ ಪಾಡು. ಹತ್ತು ಬುಟ್ಟಿ ಟೊಮೆಟೊ ಹೇರಿಕೊಂಡು ರಾತ್ರಿ ಎರಡಕ್ಕೆ ಘಟ್ಟ ಇಳಿಯಲು ಯಾವ ಬಸ್ಸಿದೆ?

ಪೋಲೀಸರು, ಆರ್.ಟಿ.ಓ. ಇಲಾಖೆಯವರು ದೊಡ್ಡ ಅಪಘಾತ ಆದ ವಾರ ಗೂಡ್ಸ್ ಗಾಡಿ ನಿಲ್ಲಿಸಿ ದಂಡ ಹಾಕುತ್ತಾರೆ. ಎಂಟನೆಯ ದಿನ ಎಲ್ಲ ಮೊದಲಿನ ಹಾಗೆ. ದಂಡದ ರಸೀದಿಯಿಂದ ಯಾರ ತಲೆಗೂ ವಿಮೆ ಹುಟ್ಟುವುದಿಲ್ಲ.

ದೊಡ್ಡ ತಪ್ಪು ಪಾಲಿಸಿ ಮಾರುವ ಕಡೆ ಇದೆ. ಆರ್.ಟಿ.ಓ. ಕಚೇರಿಯ ಎದುರು ಕೂತ ಏಜೆಂಟರು ಹತ್ತು ನಿಮಿಷದಲ್ಲಿ ಕಾಗದ ಕೊಡುತ್ತಾರೆ. ಯಾರಿಗೆ ರಕ್ಷಣೆ ಇದೆ, ಯಾರಿಗೆ ಇಲ್ಲ ಎಂದು ಒಂದು ಮಾತೂ ಹೇಳುವುದಿಲ್ಲ. ಪಾಲಿಸಿ ಇರುವುದು ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಹಮಾಲಿಗಳಿಗೆ, ಮಾಲೀಕನ ಕೆಲಸದವರಿಗೆ ತಲೆ ಲೆಕ್ಕದಲ್ಲಿ ಹೆಚ್ಚುವರಿ ಪ್ರೀಮಿಯಂ ಕಟ್ಟಿ ರಕ್ಷಣೆ ಪಡೆಯುವ ಅವಕಾಶ ಮೋಟಾರು ವಿಮೆಯಲ್ಲಿ ಹಿಂದಿನಿಂದಲೂ ಇದೆ. ಬಾಡಿಗೆ ಕೊಡದ ಪ್ರಯಾಣಿಕರ ಬಾಬ್ತಿಗೂ ಒಂದು ಷರತ್ತು ಸೇರಿಸಬಹುದು. ಗಾಡಿಯ ಬೆಲೆಯ ಮುಂದೆ ಅದು ಸಣ್ಣ ಮೊತ್ತ. ಕೇಳಿದವರಿಗೆ ಕೊಡುತ್ತಾರೆ. ಕೇಳಬೇಕು ಎಂದು ಗೊತ್ತಿದ್ದರಲ್ಲವೇ ಕೇಳುವುದು?

ಈಗ ಮಾಡಬಹುದಾದದ್ದು

ಕಾಯ್ದೆ ತಿದ್ದುವುದು ದಿಲ್ಲಿಯವರ ಕೆಲಸ. ಅಲ್ಲಿಯವರೆಗೆ ಇಲ್ಲೇ ಮಾಡಬಹುದಾದ ಕೆಲಸಗಳಿವೆ.

ಗಾಡಿ ಮಾಲೀಕರು ಟ್ರೇಲರಿಗೆ ಬೇರೆ ನೋಂದಣಿ, ಬೇರೆ ವಿಮೆ ಮಾಡಿಸಬೇಕು. ಪಾಲಿಸಿ ನವೀಕರಿಸುವಾಗ 'ಆಳುಗಳ ಬಾಬ್ತು ಎಷ್ಟು ಜನಕ್ಕೆ ಸೇರಿಸಿದ್ದೀರಿ' ಎಂದು ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಬೇಕು. ಬಾಯಿಮಾತಿನ 'ಫುಲ್'ಗೆ ಕೋರ್ಟಿನಲ್ಲಿ ಬೆಲೆ ಇಲ್ಲ.

ಕೂಲಿಗೆ ಹೋಗುವ ಪ್ರತಿಯೊಬ್ಬರೂ ಬ್ಯಾಂಕ್ ಖಾತೆಯಿಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬೇಕು. ವರ್ಷಕ್ಕೆ 20 ರೂಪಾಯಿ, ವಯಸ್ಸು 18ರಿಂದ 70. ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕೈಯೋ ಕಾಲೋ ಒಂದು ಕಣ್ಣೋ ಹೋದರೆ 1 ಲಕ್ಷ. ಇಲ್ಲಿ ಟ್ರೇಲರೋ ಕ್ಯಾಬಿನ್ನೋ, ಬಿಟ್ಟಿಯೋ ಬಾಡಿಗೆಯೋ ಎಂದು ಕೇಳುವವರಿಲ್ಲ. ಯೋಜನೆಯ ವರ್ಷ ಜೂನ್ 1ಕ್ಕೆ ಶುರು. ಮೇ ಕೊನೆಗೆ ಖಾತೆಯಲ್ಲಿ ಆ 20 ರೂಪಾಯಿ ಇರದಿದ್ದರೆ ಪಾಲಿಸಿ ತಪ್ಪುತ್ತದೆ. ಸ್ವಸಹಾಯ ಸಂಘಗಳು ವಾರದ ಸಭೆಯಲ್ಲಿ ಇದೊಂದನ್ನು ನೋಡಿಕೊಂಡರೆ ದೊಡ್ಡ ಉಪಕಾರ.

ಅಪಘಾತ ಆದ ಮೇಲೆ ಗಾಡಿ ಯಾವುದೇ ಇರಲಿ, 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಗೊತ್ತು ಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆಗೆ ಅವಕಾಶ ಇದೆ. ಇದು ಪಾಲಿಸಿಯ ತಕರಾರಿಗೆ ಕಾಯುವುದಿಲ್ಲ. ಕೇಳಿ ಪಡೆಯಬೇಕು.

2022ರ ನಿಯಮಗಳ ಪ್ರಕಾರ ಪೋಲೀಸರು 48 ಗಂಟೆಯೊಳಗೆ ಮೊದಲ ವರದಿ, 90 ದಿನದೊಳಗೆ ವಿವರವಾದ ವರದಿಯನ್ನು ಟ್ರಿಬ್ಯೂನಲ್‌ಗೆ ಕೊಡಬೇಕು. ಅದರ ಪ್ರತಿಯನ್ನು ಮನೆಯವರು ಕೇಳಬೇಕು. ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು 2022ರ ಏಪ್ರಿಲಿನಿಂದ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ, ತಡವಾಯಿತೆಂಬ ಒಂದೇ ಕಾರಣಕ್ಕೆ ಕೇಸು ವಜಾ ಮಾಡಬೇಡಿ ಎಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ. ಅದನ್ನು ನಂಬಿ ಕೂರುವುದಕ್ಕಿಂತ ಆರು ತಿಂಗಳೊಳಗೇ ಅರ್ಜಿ ಹಾಕುವುದು ಜಾಣತನ. ವಕೀಲರ ಫೀಜಿಗೆ ಗತಿ ಇಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಪ್ರಶ್ನೆಯೂ ಇಲ್ಲ.

ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ರಸ್ತೆ ಸುರಕ್ಷತಾ ಸಮಿತಿಯ ಸಭೆಗಳಲ್ಲಿ ಹಂಪು, ಸಿಗ್ನಲ್ಲು, ಹೆಲ್ಮೆಟ್ಟು ಎಲ್ಲ ಚರ್ಚೆ ಆಗುತ್ತವೆ. ಹಂಗಾಮಿನ ಮೂರು ತಿಂಗಳು ಯಾವ ಯಾವ ಹೋಬಳಿಯಿಂದ ಕೂಲಿಯವರು ಎಲ್ಲಿಗೆ ಹೋಗುತ್ತಾರೆ, ಬೆಳಗ್ಗೆ ಆರೂವರೆಗೆ ಒಂದು ಬಸ್ಸು ಎಲ್ಲೆಲ್ಲಿ ಬಿಡಬಹುದು, ಸಂತೆ ಲಾರಿಗಳ ವ್ಯಾಪಾರಿಗಳಿಗೆ ಬೇರೆ ಗಾಡಿ ಹೇಗೆ ಹೊಂದಿಸಬಹುದು ಅನ್ನುವುದನ್ನೂ ಅಲ್ಲಿ ಕೂತು ಬರೆಯಬಹುದು. ವಿಮಾ ಕಂಪನಿಗಳ ಜಿಲ್ಲಾ ಕಚೇರಿಗಳನ್ನು ಅದೇ ಸಭೆಗೆ ಕರೆದು, ಪ್ರತಿ ಗೂಡ್ಸ್ ಗಾಡಿಯ ಪಾಲಿಸಿಯ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಒಂದೇ ಒಂದು ಸಾಲು ಹಾಕಿಸಲು ಹೇಳಬಹುದು: ಈ ಗಾಡಿಯ ಡಬ್ಬಿಯಲ್ಲಿ ಕೂತ ಪ್ರಯಾಣಿಕರಿಗೆ ಈ ಪಾಲಿಸಿಯಲ್ಲಿ ರಕ್ಷಣೆ ಇಲ್ಲ.

ಅದನ್ನು ಓದಿದ ಮೇಲೂ ಹತ್ತುವವರು ಹತ್ತುತ್ತಾರೆ, ಬೇರೆ ದಾರಿ ಇಲ್ಲದ ತನಕ. ಆದರೆ ಹತ್ತುವ ಮೊದಲು ಆ 20 ರೂಪಾಯಿಯ ಚೀಟಿ ಮಾಡಿಸುತ್ತಾರೆ. ಕೂರಿಸಿಕೊಳ್ಳುವವನು ಆಳಿನ ಬಾಬ್ತು ಕಟ್ಟುತ್ತಾನೆ. ಎರಡು ಮನೆ ಮುಳುಗುವ ಕಡೆ ಒಂದಾದರೂ ಉಳಿದೀತು.